ಪೊಲೀಸರು ಕೇಳಿದರೆ ಉತ್ತರ ಕೊಡಬೇಕಾ, ಸುಮ್ಮನಿರಬೇಕಾ? ರಾಯಚೂರು, ಕೊಪ್ಪಳ, ಬಳ್ಳಾರಿ ಮಂದಿಗೆ ಸಮಗ್ರ ಮಾರ್ಗದರ್ಶಿ

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗಕ್ಕೆ ನೀರು ಮುಟ್ಟದ ದಿನಗಳಲ್ಲಿ ಸಿಂಧನೂರು, ಮಾನ್ವಿ, ಸಿರವಾರ ಕಡೆ ಜಗಳ ಜಾಸ್ತಿ. ರಾತ್ರಿ ಯಾರೋ ತೂಬು ಎತ್ತುತ್ತಾರೆ. ಮಾತಿಗೆ ಮಾತು ಬೆಳೆದು ಒಬ್ಬನ ತಲೆ ಒಡೆಯುತ್ತದೆ. ಬೆಳಗಾದರೆ ಊರಿನ ಹತ್ತು ಮಂದಿಗೆ ಫೋನ್ ಬರುತ್ತದೆ: "ಸಾಹೇಬ್ರು ಕರಿಯಾಕತ್ತಾರ, ಠಾಣೆಗೆ ಬಾ."

ಆಗ ಜನ ಎರಡರಲ್ಲಿ ಒಂದು ಮಾಡುತ್ತಾರೆ. ಕೆಲವರು ಹೆದರಿ ಕೇಳಿದ್ದಕ್ಕೂ ಕೇಳದ್ದಕ್ಕೂ ಬಾಯಿ ಬಿಡುತ್ತಾರೆ. ಉಳಿದವರು ಫೋನ್ ಸ್ವಿಚ್ ಆಫ್ ಮಾಡಿ ಬೆಂಗಳೂರಿನ ಬಸ್ ಹತ್ತುತ್ತಾರೆ. ಈ ಭಾಗದ ಕೋರ್ಟುಗಳಲ್ಲಿ ವಕೀಲಿಕೆ ಮಾಡುವ ನಾನು ಎರಡೂ ಥರದವರನ್ನು ನೋಡುತ್ತೇನೆ. ಇಬ್ಬರಿಗೂ ನಷ್ಟವೇ. ಕಾನೂನು ನಿಮಗೆ ಕೆಲವು ಕಡೆ ಉತ್ತರ ಕೊಡು ಎನ್ನುತ್ತದೆ, ಕೆಲವು ಕಡೆ ಸುಮ್ಮನಿರು ಎನ್ನುತ್ತದೆ. ಯಾವುದು ಎಲ್ಲಿ ಅನ್ನುವುದು ಗೊತ್ತಿದ್ದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸಿನಿಮಾದಲ್ಲಿ ಕಾಣುವ ಹಾಗೆ ನಮ್ಮ ಪೊಲೀಸರು "ನಿಮಗೆ ಸುಮ್ಮನಿರುವ ಹಕ್ಕಿದೆ" ಎಂದು ಓದಿ ಹೇಳುವುದಿಲ್ಲ. ಹಕ್ಕು ಮಾತ್ರ ಇದೆ. ಕೇಳಿ ಪಡೆಯಬೇಕಾದವರು ನೀವೇ.

ಮೊದಲು ತಿಳಿಯಬೇಕಾದ್ದು: ನೀವು ಯಾರಾಗಿ ಹೋಗುತ್ತಿದ್ದೀರಿ?

ಠಾಣೆಗೆ ಕರೆದರು ಅಂದಮಾತ್ರಕ್ಕೆ ನೀವು ಆರೋಪಿ ಅಲ್ಲ. ಸಾಕ್ಷಿಯಾಗಿ ಕರೆದಿರಬಹುದು, ಆರೋಪಿಯೆಂದು ನೋಟಿಸ್ ಕೊಟ್ಟಿರಬಹುದು, ಬರೀ ಒಂದು ಅರ್ಜಿ ಬಂದಿದೆ ಎಂದು ಕರೆದಿರಬಹುದು. ಆದ್ದರಿಂದ ಫೋನ್ ಬಂದಾಗ ಕೇಳಬೇಕಾದ ಪ್ರಶ್ನೆ ಒಂದೇ: "ಬರ್ತೀನಿ ಸಾಹೇಬ್ರೇ. ಯಾವ ಕೇಸು, ಎಫ್‌ಐಆರ್ ನಂಬರ್ ಏನು? ನೋಟಿಸ್ ಕಳಿಸ್ರಿ."

2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಎಲ್ಲರೂ ಅದನ್ನು ಬಿಎನ್‌ಎಸ್‌ಎಸ್ ಅನ್ನುತ್ತಾರೆ. ನೋಟಿಸ್ ಕೈಗೆ ಬಂದ ಕೂಡಲೇ ಅದರಲ್ಲಿ ಯಾವ ಸೆಕ್ಷನ್ ಬರೆದಿದೆ ನೋಡಿ. 179 ಇದ್ದರೆ ನಿಮ್ಮನ್ನು ಸಾಕ್ಷಿಯಾಗಿ ಕರೆದಿದ್ದಾರೆ. 35(3) ಇದ್ದರೆ ನಿಮ್ಮ ಮೇಲೆ ಆರೋಪವೋ ಅನುಮಾನವೋ ಇದೆ. ಇದು ಹಳೆಯ 41ಎ ನೋಟಿಸ್. ಈ ಒಂದು ಅಂಕಿಯ ಮೇಲೆ ಮುಂದಿನದೆಲ್ಲ ನಿಂತಿದೆ.

179ರ ನೋಟಿಸ್ ಬರಹದಲ್ಲೇ ಇರಬೇಕು. ಕರೆಯುವ ಅಧಿಕಾರ ಆ ಠಾಣೆ ಮತ್ತು ಅಕ್ಕಪಕ್ಕದ ಠಾಣೆಗಳ ಹದ್ದಿನೊಳಗೆ ಇರುವವರ ಮೇಲೆ ಮಾತ್ರ. ಹೆಣ್ಣುಮಕ್ಕಳು, 15 ವರ್ಷದೊಳಗಿನ ಹುಡುಗರು, 60 ದಾಟಿದ ಗಂಡಸರು, ಅಂಗವಿಕಲರು, ತೀವ್ರ ಕಾಯಿಲೆ ಇರುವವರು ಸಾಕ್ಷಿಯಾಗಿ ಠಾಣೆಗೆ ಹೋಗಬೇಕಾಗಿಲ್ಲ. ಪೊಲೀಸರೇ ಮನೆಗೆ ಬಂದು ಕೇಳಬೇಕು. ಇದನ್ನು ದಯವಿಟ್ಟು ನಿಮ್ಮ ಮನೆಯ ಹಿರಿಯರಿಗೆ ಹೇಳಿ. 70 ವರ್ಷದ ಅವ್ವನನ್ನು ದಿನವಿಡೀ ಠಾಣೆಯ ಬೆಂಚಿನ ಮೇಲೆ ಕೂರಿಸುವುದು ನಮ್ಮಲ್ಲಿ ಇನ್ನೂ ನಡೆಯುತ್ತದೆ. ಕೂರಬೇಕಾಗಿಲ್ಲ ಅನ್ನುವುದು ಮನೆಯವರಿಗೆ ಗೊತ್ತೇ ಇರುವುದಿಲ್ಲ.

35(3) ನೋಟಿಸ್ ಬಂದರೆ ತಪ್ಪಿಸಿಕೊಳ್ಳಬೇಡಿ. ಹೇಳಿದ ದಿನ ಹಾಜರಾದವರನ್ನು ಪೊಲೀಸರು ಸುಮ್ನೆ ಬಂಧಿಸುವಂತಿಲ್ಲ. ಬಂಧಿಸಬೇಕಾದರೆ ಕಾರಣ ಬರೆದಿಡಬೇಕು. ಹೋಗದಿದ್ದರೆ ಆ ರಕ್ಷಣೆ ಹೋಯಿತು. ಈ ನೋಟಿಸನ್ನು ವಾಟ್ಸಾಪ್‌ನಲ್ಲಿ ಕಳಿಸಿ ಕೈತೊಳೆದುಕೊಳ್ಳುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ಆದರೂ ವಾಟ್ಸಾಪ್‌ನಲ್ಲಿ ಬಂತು ಎಂದು ಅಸಡ್ಡೆ ಮಾಡಬೇಡಿ. ವಕೀಲರಿಗೆ ತೋರಿಸಿ, ಅವರ ಮೂಲಕ ಉತ್ತರ ಕಳಿಸಿ.

ಎಫ್‌ಐಆರ್ ಆಗಿದೆಯಾ ಎಂದು ಕರ್ನಾಟಕ ಪೊಲೀಸ್ ವೆಬ್‌ಸೈಟಿನಲ್ಲಿ ನೋಡಬಹುದು. 2016ರ ಸುಪ್ರೀಂ ಕೋರ್ಟ್ ಆದೇಶದಂತೆ ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಹಾಕಬೇಕು. ನಿಮ್ಮ ಹೆಸರು ಯಾವ ಕಾಲಮ್ಮಿನಲ್ಲಿದೆ ಎಂದು ನೋಡಿಕೊಂಡೇ ಠಾಣೆಯ ಮೆಟ್ಟಿಲು ಹತ್ತಿ.

ವಿಡಿಯೋ ಕಾಲ್‌ನಲ್ಲಿ ಯೂನಿಫಾರ್ಮ್ ಹಾಕಿ ಕೂತವನೊಬ್ಬ "ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಕಾಲ್ ಕಟ್ ಮಾಡಬೇಡಿ" ಅಂದರೆ ಅವನು ಪೊಲೀಸನೇ ಅಲ್ಲ. ಅಂಥ ಬಂಧನ ನಮ್ಮ ಕಾನೂನಿನಲ್ಲಿಲ್ಲ. ಕಟ್ ಮಾಡಿ 1930ಕ್ಕೆ ಫೋನ್ ಮಾಡಿ.

ಹೆಸರು, ಊರು, ಲೈಸೆನ್ಸ್: ಇದರಲ್ಲಿ ಹಠ ಬೇಡ

ಹೆಸರು, ವಿಳಾಸ ಕೇಳಿದರೆ ಸರಿಯಾಗಿ ಹೇಳಿ. ಹೇಳದಿದ್ದರೆ ಅಥವಾ ಸುಳ್ಳು ಹೇಳಿದರೆ ಸಣ್ಣ ಪ್ರಕರಣದಲ್ಲೂ ಹಿಡಿದು ಕೂರಿಸಲು ಅವರಿಗೆ ದಾರಿ ಸಿಗುತ್ತದೆ. ಗಾಡಿ ಓಡಿಸುವಾಗ ಯೂನಿಫಾರ್ಮಿನಲ್ಲಿರುವ ಪೊಲೀಸರು ಲೈಸೆನ್ಸ್ ಕೇಳಿದರೆ ತೋರಿಸಲೇಬೇಕು. ಡಿಜಿಲಾಕರ್‌ನಲ್ಲಿದ್ದರೂ ನಡೆಯುತ್ತದೆ. ಆದರೆ ಮರಳು ಟ್ರ್ಯಾಕ್ಟರ್ ನಿಲ್ಲಿಸಿ "ಯಾರ ಮರಳು, ಯಾವ ಹಳ್ಳದಿಂದ ತುಂಬಿದಿ, ಎಷ್ಟು ಟ್ರಿಪ್ ಹೊಡೆದಿ" ಎಂದು ಕೇಳಿದಾಗ ವಿಷಯ ಲೈಸೆನ್ಸ್ ದಾಟಿ ಅಪರಾಧಕ್ಕೆ ಬಂತು. ಅಲ್ಲಿಂದ ಮುಂದೆ ಕೆಳಗೆ ಹೇಳುವ ನಿಯಮ ಅನ್ವಯಿಸುತ್ತದೆ.

ರಸ್ತೆಯಲ್ಲಿ ಅಪಘಾತ ಕಂಡು ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ಹೆಸರು ಹೇಳಲೇಬೇಕೆಂದೇನಿಲ್ಲ. ಮೋಟಾರು ವಾಹನ ಕಾಯ್ದೆಯೇ ಅವರಿಗೆ ರಕ್ಷಣೆ ಕೊಟ್ಟಿದೆ. ಪೊಲೀಸರ ಭಯಕ್ಕೆ ಯಾರನ್ನೂ ರಸ್ತೆಯಲ್ಲಿ ಬಿಟ್ಟು ಹೋಗಬೇಡಿ.

ಸಾಕ್ಷಿಯಾಗಿದ್ದರೆ ಮಾತಾಡಿ

ಬಿಎನ್‌ಎಸ್‌ಎಸ್ 180ನೇ ಕಲಮು ಹೇಳುವುದು ಇಷ್ಟು: ಪ್ರಕರಣದ ವಿಷಯ ಗೊತ್ತಿರುವವರು ಪೊಲೀಸರ ಪ್ರಶ್ನೆಗೆ ನಿಜವಾದ ಉತ್ತರ ಕೊಡಬೇಕು. ನಿಮ್ಮ ಮೇಲೇ ಕ್ರಿಮಿನಲ್ ಕೇಸ್, ದಂಡ ಅಥವಾ ಆಸ್ತಿ ಜಪ್ತಿ ತರಬಹುದಾದ ಪ್ರಶ್ನೆಗೆ ಮಾತ್ರ ಉತ್ತರ ಕೊಡಬೇಕಾಗಿಲ್ಲ. ಉತ್ತರ ಕೊಡಬೇಕಾದ ಕಡೆ ಸುಮ್ಮನಿದ್ದರೆ ಆರು ತಿಂಗಳವರೆಗೆ ಸಾದಾ ಸಜೆ ಆಗಬಹುದಾದ ಅಪರಾಧ. ಯಾರನ್ನೋ ಉಳಿಸಲು ಸುಳ್ಳು ಹೇಳಿದರೆ ಅದು ಬೇರೆಯೇ ಕೇಸು.

ಶಿಕ್ಷೆಯ ಭಯ ಬಿಡಿ, ಇದರಲ್ಲಿ ನ್ಯಾಯದ ಪ್ರಶ್ನೆಯೂ ಇದೆ. ಗಂಗಾವತಿ ಕಡೆಯ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಕೇರಿಯ ಮೇಲೆ ದಾಳಿಯಾಯಿತು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಆಮೇಲೆ ಅದು ಮೇಲ್ಮನವಿಯಾಗಿ ಹೈಕೋರ್ಟಿಗೆ ಹೋಯಿತು. ಮೇಲಿನ ಕೋರ್ಟು ಏನು ಹೇಳುತ್ತದೋ ಅದು ಬೇರೆ. ಕಂಡವರು ಬಾಯಿ ಬಿಡದಿದ್ದರೆ ಅಂಥ ಕೇಸು ಮೊದಲ ಕೋರ್ಟನ್ನೂ ದಾಟುವುದಿಲ್ಲ. "ನಮಗ್ಯಾಕ ಬೇಕು ಊರ ಉಸಾಬರಿ" ಎಂದು ಎಲ್ಲರೂ ಕೂತರೆ ಹೊಡೆತ ತಿಂದವರಿಗೆ ಯಾರು ದಿಕ್ಕು?

ಕಂಡಷ್ಟೇ ಹೇಳಿ. ಕೇಳಿದ ಸುದ್ದಿಯನ್ನು ಕಂಡ ಹಾಗೆ ಹೇಳಬೇಡಿ. "ಕತ್ತಲಿತ್ತು, ದನಿ ಕೇಳಿತು, ಮುಖ ಕಾಣಲಿಲ್ಲ" ಅನ್ನುವುದೂ ಪೂರ್ತಿ ಉತ್ತರವೇ. ನಾಲ್ಕು ವರ್ಷ ಬಿಟ್ಟು ಕೋರ್ಟಿನಲ್ಲಿ ಎದುರು ವಕೀಲರು ಇದೇ ಹೇಳಿಕೆ ಹಿಡಿದು ಪ್ರಶ್ನೆ ಕೇಳುತ್ತಾರೆ. ಆಗ ತೊದಲುವುದು ಊಹೆ ಸೇರಿಸಿ ಹೇಳಿದವರೇ.

ಮಾತಿನ ನಡುವೆ ಪ್ರಶ್ನೆ ನಿಮ್ಮ ಕಡೆ ತಿರುಗಿದರೆ, "ನೀನೂ ಅಲ್ಲೇ ಇದ್ದಿಯಲ್ಲ, ನಿನ್ನ ಕೈಯಾಗ ಏನಿತ್ತು?" ಎಂದು ಬಂದರೆ, ಅಲ್ಲಿಗೆ ನಿಲ್ಲಿಸಿ. ಸಾಕ್ಷಿಯಾಗಿ ಒಳಗೆ ಹೋದವರು ಆರೋಪಿಯಾಗಿ ಹೊರಗೆ ಬರುವುದು ಇದೇ ತಿರುವಿನಲ್ಲಿ.

ಆರೋಪ ನಿಮ್ಮ ಮೇಲಿದ್ದರೆ ಹೇಗೆ ಸುಮ್ಮನಿರಬೇಕು

ಯಾವ ಆರೋಪಿಯನ್ನೂ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳು ಎಂದು ಒತ್ತಾಯಿಸುವ ಹಾಗಿಲ್ಲ. ಸಂವಿಧಾನದ 20(3)ನೇ ವಿಧಿ ಇದು. ಈ ರಕ್ಷಣೆ ಕೋರ್ಟಿನ ಕಟಕಟೆಯಲ್ಲಿ ಮಾತ್ರವಲ್ಲ, ಠಾಣೆಯ ವಿಚಾರಣೆಯಲ್ಲೂ ಇದೆ ಎಂದು ನಂದಿನಿ ಸತ್ಪತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲೇ ಹೇಳಿದೆ.

ಸುಮ್ಮನಿರುವುದು ಅಂದರೆ ಮುಖ ಗಂಟಿಕ್ಕಿಕೊಂಡು ಗೋಡೆ ನೋಡುವುದಲ್ಲ. ಮೌನವನ್ನೂ ಬಾಯಿಬಿಟ್ಟು ಹೇಳಬೇಕು, ಮರ್ಯಾದೆಯಿಂದ ಹೇಳಬೇಕು. ನಾನು ಕಕ್ಷಿದಾರರಿಗೆ ಬಾಯಿಪಾಠ ಮಾಡಿಸುವ ಮಾತು ಇದು:

"ಸಾಹೇಬ್ರೇ, ತನಿಖೆಗೆ ಸಹಕಾರ ಕೊಡ್ತೀನಿ. ಆದ್ರ ಈ ಪ್ರಶ್ನೆಗೆ ಉತ್ತರ ಕೊಟ್ರೆ ನನ್ನ ಮ್ಯಾಲೇ ಬರಬಹುದು. ವಕೀಲರನ್ನ ಕೇಳಿ ಹೇಳ್ತೀನಿ."

ಇಷ್ಟೇ. ಎಷ್ಟು ಸಲ ಕೇಳಿದರೂ ಇದೇ ಮಾತು, ಇದೇ ದನಿ.

ಕಾಲುವೆ ಜಗಳದ ರೈತನನ್ನೇ ತಗೊಳ್ಳಿ. ನೋಟಿಸ್ 35(3)ರದ್ದು. ಪಿಎಸ್‌ಐ ಎದುರು ಕೂತಿದ್ದಾನೆ. ಹೆಸರು, ಅಪ್ಪನ ಹೆಸರು, ಊರು ಹೇಳುತ್ತಾನೆ. ಹೊಲ ಎಷ್ಟು ಎಕರೆ ಅಂದರೆ ಅದು ಪಹಣಿಯಲ್ಲೇ ಇದೆ, ಹೇಳಿದರೆ ತೊಂದರೆಯಿಲ್ಲ. ಆಮೇಲೆ "ಆ ರಾತ್ರಿ ಎಲ್ಲಿದ್ದಿ?" ಎಂಬ ಪ್ರಶ್ನೆ ಬರುತ್ತದೆ. ಇದು ಸರಳವಾಗಿ ಕಾಣುತ್ತದೆ, ಅಲ್ವಾ? ಆದರೆ "ಕಾಲುವೆ ಹತ್ರ ಇದ್ದೆ" ಅಂದರೆ ಜಾಗದಲ್ಲಿದ್ದದ್ದನ್ನು ತಾನೇ ಒಪ್ಪಿದ. "ಹುಬ್ಬಳ್ಳಿಗೆ ಹೋಗಿದ್ದೆ" ಅಂದರೆ ಅವನ ಮೊಬೈಲ್ ಟವರ್ ದಾಖಲೆ ಸಿಂಧನೂರು ಎಂದು ತೋರಿಸುತ್ತದೆ. ಆಮೇಲೆ ಅವನು ಹೇಳಿದ ನಿಜವನ್ನೂ ಯಾರೂ ನಂಬುವುದಿಲ್ಲ. ಮೇಲೆ ಹೇಳಿದ ಮಾತು ಆಡಬೇಕಾದ ಜಾಗ ಇದೇ. ನಿಜ ಹೇಳುವುದು ಕಷ್ಟವಾದಾಗ ಸುಳ್ಳಿಗೆ ಕೈಹಾಕಬೇಡಿ. ಸುಮ್ಮನಿರಲು ನಿಮಗೆ ಹಕ್ಕಿದೆ, ಸುಳ್ಳು ಹೇಳಲು ಇಲ್ಲ.

ನಡುವೆ ಚಹಾ ಬರುತ್ತದೆ. ಹೆಡ್ ಕಾನ್‌ಸ್ಟೆಬಲ್ ಪಕ್ಕಕ್ಕೆ ಕರೆದು ಹೆಗಲ ಮೇಲೆ ಕೈಹಾಕುತ್ತಾರೆ: "ನಾನೂ ನಿಮ್ ಕಡೆಯವನೇನಪಾ. ಇದ್ದದ್ದು ಹೇಳಿಬಿಡು, ಸಂಜಿಕ ಮನಿಗೆ ಕಳಿಸ್ತೀವಿ." ಆಸೆ ತೋರಿಸಿಯಾಗಲಿ, ಹೆದರಿಸಿಯಾಗಲಿ ಹೇಳಿಕೆ ಪಡೆಯುವಂತಿಲ್ಲ ಎಂದು 182ನೇ ಕಲಮು ಹೇಳುತ್ತದೆ. ಮನೆಗೆ ಕಳಿಸುವ ಮಾತು ಯಾವ ಕಾಗದದಲ್ಲೂ ಇರುವುದಿಲ್ಲ. ನೀವು ಹೇಳಿದ್ದು ಮಾತ್ರ ಕೇಸ್ ಡೈರಿಗೆ ಹೋಗುತ್ತದೆ.

"ಬಾಯಿ ಬಿಡದಿದ್ದರೆ ಅಸಹಕಾರ ಅಂತ ಕೋರ್ಟಿಗೆ ಬರೀತೀವಿ" ಅಂದರೂ ಗಾಬರಿ ಬೇಡ. ತಪ್ಪು ಒಪ್ಪಿಕೊಳ್ಳದ ಮಾತ್ರಕ್ಕೆ ಅಸಹಕಾರ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಕರೆದಾಗ ಬಂದಿರಿ, ಕೂತಿರಿ, ಹೆಸರು ಹೇಳಿದಿರಿ. ಸಹಕಾರ ಅಂದರೆ ಅದೇ.

ಪೊಲೀಸರ ಮುಂದೆ ಒಪ್ಪಿಕೊಂಡರೆ ಕೋರ್ಟಿನಲ್ಲಿ ನಡೆಯಲ್ಲ ಅಂತಾರಲ್ಲ?

ಇದು ಅರ್ಧ ಸತ್ಯ. ಈ ಅರ್ಧವನ್ನು ನಂಬಿ ಜೈಲಿಗೆ ಹೋದವರು ಬಹಳ. ಪೊಲೀಸರ ಎದುರು ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ, ಹೌದು. ಹೊಸ ಸಾಕ್ಷ್ಯ ಅಧಿನಿಯಮದ 23ನೇ ಕಲಮು ಅದನ್ನೇ ಹೇಳುತ್ತದೆ. ಆದರೆ ಅದಕ್ಕೊಂದು ಬಾಲ ಇದೆ. ಕಸ್ಟಡಿಯಲ್ಲಿರುವ ಆರೋಪಿ "ಕೊಡ್ಲಿ ನಮ್ಮ ಬಣವಿಯಾಗ ಇಟ್ಟೀನಿ, ಬರ್ರಿ ತೋರಿಸ್ತೀನಿ" ಅಂದ. ಪೊಲೀಸರು ಪಂಚರನ್ನು (ಕಣ್ಣಾರೆ ನೋಡಲು ಕರೆಸುವ ಸಾಕ್ಷಿಗಳನ್ನು) ಕರಕೊಂಡು ಹೋಗಿ ಬಣವಿಯಿಂದ ಕೊಡ್ಲಿ ತೆಗೆದರು. ಈಗ ಆ ಮಾತಿನಲ್ಲಿ ಕೊಡ್ಲಿ ಸಿಗಲು ಕಾರಣವಾದ ಭಾಗ ಕೋರ್ಟಿನಲ್ಲಿ ಸಾಕ್ಷ್ಯವಾಗುತ್ತದೆ. "ಸ್ವಇಚ್ಛಾ ಹೇಳಿಕೆ" ಎಂದು ಬರೆಯುವ ಕಾಗದಕ್ಕೆ ಅಷ್ಟು ಬೆಲೆ ಬರುವುದು ಇದರಿಂದಲೇ.

ಇನ್ನೊಂದು ಎಚ್ಚರಿಕೆ ಬಳ್ಳಾರಿ ಕಡೆಯ ಗಣಿ ವ್ಯವಹಾರದವರಿಗೆ. ಇ.ಡಿ. (ಜಾರಿ ನಿರ್ದೇಶನಾಲಯ), ಕಸ್ಟಮ್ಸ್ ಅಧಿಕಾರಿಗಳು ಈ ನಿಯಮದ ಮಟ್ಟಿಗೆ ಪೊಲೀಸರಲ್ಲ. ಅವರ ಸಮನ್ಸ್‌ಗೆ ಹೋಗಿ ಸಹಿ ಮಾಡಿದ ಹೇಳಿಕೆ ಕೋರ್ಟಿನಲ್ಲಿ ನಿಮ್ಮ ವಿರುದ್ಧವೇ ಬಂದು ನಿಲ್ಲಬಹುದು. ಅಂಥ ಸಮನ್ಸ್ ಬಂದರೆ ವಕೀಲರನ್ನು ಕಾಣದೆ ಹೋಗಲೇಬೇಡಿ.

ಸಹಿ ಎಲ್ಲಿ ಮಾಡಬೇಕು, ಎಲ್ಲಿ ಬೇಡ

ನೀವೇ ದೂರು ಕೊಟ್ಟರೆ ಸಹಿ ಮಾಡಬೇಕು. ನೋಟಿಸ್ ಮುಟ್ಟಿದೆ ಎಂದು ಮಾಡಬೇಕು. ಪಂಚನಾಮೆಗೆ ಪಂಚರಾಗಿ ಹೋಗಿದ್ದರೆ ಕಣ್ಣಾರೆ ಕಂಡದ್ದನ್ನು ಬರೆದಿದ್ದಾರಾ ಎಂದು ಓದಿ, ಓದಿಸಿ ಮಾಡಬೇಕು. ವಿಚಾರಣೆಯಲ್ಲಿ ಹೇಳಿದ್ದನ್ನು ಪೊಲೀಸರು ಬರೆದುಕೊಂಡರೆ ಅದಕ್ಕೆ ಹೇಳಿದವರ ಸಹಿ ಪಡೆಯುವ ಹಾಗಿಲ್ಲ. ಇದು ಬಿಎನ್‌ಎಸ್‌ಎಸ್ 181ನೇ ಕಲಮಿನಲ್ಲಿ ಸ್ಪಷ್ಟವಾಗಿದೆ. ರೈಟರ್ "ಏನಿಲ್ಲ, ಸುಮ್ನ ಇಲ್ಲೊಂದು ಸಹಿ" ಅಂದರೆ, "ಸಾಹೇಬ್ರೇ, ಹೇಳಿಕೆಗೆ ಸಹಿ ಬರಲ್ಲ ಅಂದಾರ ವಕೀಲರು" ಎನ್ನಿ. ಖಾಲಿ ಹಾಳೆಗಂತೂ ಯಾರು ಹೇಳಿದರೂ ಸಹಿ ಇಲ್ಲ, ಹೆಬ್ಬೆಟ್ಟೂ ಇಲ್ಲ. ಎಲ್ಲೇ ಸಹಿ ಮಾಡಿದರೂ ಪಕ್ಕದಲ್ಲಿ ತಾರೀಖು, ಹೊತ್ತು ಬರೆಯಿರಿ.

ಎಫ್‌ಐಆರ್ ಇಲ್ಲದ "ಅರ್ಜಿ ವಿಚಾರಣೆ" ನಮ್ಮ ಕಡೆ ಬಲು ಜಾಸ್ತಿ. ಕೈಸಾಲ, ಹೊಲದ ಬದು, ಅಣ್ಣತಮ್ಮಂದಿರ ಪಾಲು. ಇವೆಲ್ಲ ಸಿವಿಲ್ ಕೋರ್ಟಿನ ವ್ಯವಹಾರ. ಠಾಣೆಗೆ ಕರೆಸಿ, "ಇಷ್ಟು ದಿನದಾಗ ಇಷ್ಟು ರೊಕ್ಕ ಕೊಡ್ತೀನಿ" ಎಂದು ಮುಚ್ಚಳಿಕೆ ಬರೆಸಿಕೊಳ್ಳುವ ಪ್ರಯತ್ನ ನಡೆಯುತ್ತದೆ. ಬರೆದುಕೊಡಬೇಡಿ. "ಕೋರ್ಟಿನಲ್ಲಿ ನೋಡ್ಕೋತೀವಿ ಸಾಹೇಬ್ರೇ, ಹಿಂಬರಹ ಕೊಡ್ರಿ" ಎಂದು ಕೇಳಿ. ಹಿಂಬರಹ ಅಂದರೆ ಅರ್ಜಿಗೆ ಠಾಣೆಯವರು ಬರೆದು ಕೊಡುವ ಉತ್ತರ.

ಮೊಬೈಲ್, ಬೆರಳಚ್ಚು, ಮಂಪರು ಪರೀಕ್ಷೆ

ಮೌನದ ಹಕ್ಕು ಬಾಯಿಗೆ ಮಾತ್ರ, ಮೈಗಲ್ಲ. ಬೆರಳಚ್ಚು, ಕೈಬರಹದ ಮಾದರಿ ಕೊಡುವುದು ತನ್ನ ವಿರುದ್ಧ ಸಾಕ್ಷಿ ಹೇಳಿದ ಹಾಗಲ್ಲ ಎಂದು ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ 1961ರಲ್ಲಿ ತೀರ್ಮಾನಿಸಿದೆ. ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆಗೆ ಮಾತ್ರ ನಿಮ್ಮ ಒಪ್ಪಿಗೆ ಬೇಕೇಬೇಕು. 2010ರ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ತೀರ್ಪು ಇದು, ನಮ್ಮ ರಾಜ್ಯದ ಹೆಸರಿನಲ್ಲೇ ಇದೆ.

ಮೊಬೈಲ್ ಪಾಸ್‌ವರ್ಡ್ ಪೊಲೀಸರು ಕೇಳಬಹುದು, ಆದರೆ ಒತ್ತಾಯ ಮಾಡುವಂತಿಲ್ಲ. ಕೊಡದಿದ್ದರೆ ಅವರು ಕೋರ್ಟಿಗೆ ಹೋಗಬೇಕು ಎಂದು ಕರ್ನಾಟಕ ಹೈಕೋರ್ಟ್ 2021ರಲ್ಲಿ ಹೇಳಿತು. ಪಾಸ್‌ವರ್ಡ್ ಕೊಟ್ಟರೆ ಅದು ತನ್ನ ವಿರುದ್ಧ ಸಾಕ್ಷಿ ಹೇಳಿದಂತಲ್ಲ ಎಂದೂ ಅದೇ ತೀರ್ಪು ಹೇಳಿದೆ. ಅಂದರೆ ಕೋರ್ಟ್ ಆದೇಶ ಬರುವ ತನಕ ಬೇಡ ಅನ್ನಬಹುದು, ಬಂದ ಮೇಲೆ ಹಠ ಮಾಡಬಾರದು. ಭಯಕ್ಕೆ ಮೆಸೇಜು, ಫೋಟೋ ಡಿಲೀಟ್ ಮಾಡಬೇಡಿ. ಸಾಕ್ಷ್ಯ ನಾಶ ಅನ್ನುವ ಇನ್ನೊಂದು ಕೇಸು ಬೀಳುತ್ತದೆ.

ಬಂಧಿಸಿದರೆ

ಬಂಧಿಸುವ ಅಧಿಕಾರಿಯ ಎದೆಯ ಮೇಲೆ ಹೆಸರು ಕಾಣಬೇಕು. ಬಳ್ಳಾರಿ, ರಾಯಚೂರು ಗಡಿಯಲ್ಲಿ ಆಂಧ್ರ, ತೆಲಂಗಾಣದ ಪೊಲೀಸರು ಸಾದಾ ಬಟ್ಟೆಯಲ್ಲಿ ಬರುವುದುಂಟು. ಗುರುತಿನ ಚೀಟಿ ಕೇಳಿ, ಅನುಮಾನ ಬಂದರೆ ಮನೆಯವರು 112ಕ್ಕೆ ಫೋನ್ ಮಾಡಲಿ. ಕೈಯೆತ್ತಬೇಡಿ, ಓಡಬೇಡಿ. ಸೂರ್ಯ ಮುಳುಗಿದ ಮೇಲೆ ಹುಟ್ಟುವ ತನಕ ಹೆಣ್ಣುಮಕ್ಕಳನ್ನು ಬಂಧಿಸುವಂತಿಲ್ಲ. ಅಂಥ ವಿಶೇಷ ಸಂದರ್ಭವಿದ್ದರೆ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಅನುಮತಿ ತಂದಿರಬೇಕು.

ಬಂಧನದ ಕಾರಣವನ್ನು ಬರಹದಲ್ಲಿ, ನಿಮಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಹೇಳಿದೆ. ಆ ಕ್ಷಣಕ್ಕೆ ಆಗದಿದ್ದರೂ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ ಎರಡು ಗಂಟೆ ಮೊದಲಾದರೂ ಅದು ಕೈಗೆ ಬರಬೇಕು. ಮನೆಯಲ್ಲಿ ತೆಲುಗೋ ಉರ್ದುವೋ ಆಡುವವರು, ಕನ್ನಡ ಓದಲು ಬಾರದವರು ಇದನ್ನು ಒತ್ತಿ ಕೇಳಿ. ವಿಚಾರಣೆ ನಡೆಯುವಾಗ ನಿಮ್ಮ ವಕೀಲರನ್ನು ಕಾಣುವ ಹಕ್ಕು ಬಿಎನ್‌ಎಸ್‌ಎಸ್ 38ನೇ ಕಲಮಿನಲ್ಲಿದೆ. ಇಡೀ ಹೊತ್ತು ಪಕ್ಕದಲ್ಲಿ ಕೂರಿಸಿಕೊಳ್ಳಲು ಆಗುವುದಿಲ್ಲ. ಆದರೆ ಕಂಡು ಮಾತಾಡುವುದನ್ನು ತಡೆಯುವ ಹಾಗಿಲ್ಲ.

ಹೊಡೆದು ಹೇಳಿಕೆ ಪಡೆಯುವುದು ಏಳು ವರ್ಷದವರೆಗೆ ಸಜೆ ಇರುವ ಅಪರಾಧ. ಬಂಧನದ ನಂತರ ಸರ್ಕಾರಿ ವೈದ್ಯರ ಹತ್ತಿರ ಕರೆದೊಯ್ಯುತ್ತಾರೆ. ಪೊಲೀಸರು ಬಾಗಿಲಲ್ಲೇ ನಿಂತಿದ್ದರೂ ಎಲ್ಲಿ ನೋವಿದೆ, ಯಾರು ಹೊಡೆದರು ಹೇಳಿ. ಆಮೇಲೆ ಮ್ಯಾಜಿಸ್ಟ್ರೇಟರ ಎದುರು ಇನ್ನೊಮ್ಮೆ ಹೇಳಿ. "ಪೊಲೀಸರಿಂದ ತೊಂದರೆ ಆಯ್ತಾ?" ಎಂದು ಅವರು ಕೇಳಿದಾಗ ತಲೆ ತಗ್ಗಿಸಿ "ಇಲ್ಲ ಸ್ವಾಮಿ" ಅನ್ನುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಠಾಣೆಯಲ್ಲಿ ಎಲ್ಲ ಬಾಯಿ ಬಿಟ್ಟವರು, ಮಾತಾಡಲೇಬೇಕಾದ ಈ ಒಂದು ಜಾಗದಲ್ಲಿ ಸುಮ್ಮನಾಗುತ್ತಾರೆ. ತಪ್ಪೊಪ್ಪಿಗೆ ಕೊಡಲು ಎಂದು ಕರೆತಂದಿದ್ದರೆ, "ನನಗೆ ಇಷ್ಟವಿಲ್ಲ" ಎಂದು ಅಲ್ಲೇ ಹೇಳಿ. ಹಾಗೆ ಹೇಳಿದವರನ್ನು ಮ್ಯಾಜಿಸ್ಟ್ರೇಟರು ಪೊಲೀಸ್ ಕಸ್ಟಡಿಗೆ ಒಪ್ಪಿಸುವಂತಿಲ್ಲ.

ಮನೆಯವರು ಮಾಡಬೇಕಾದ್ದು

ಕರಕೊಂಡು ಹೋದ ಹೊತ್ತನ್ನು ಗಡಿಯಾರ ನೋಡಿ ಬರೆದಿಡಿ. ಬಂದವರ ಹೆಸರು, ಜೀಪಿನ ನಂಬರ್, ಯಾವ ಠಾಣೆ ಎಂದರು, ಎಲ್ಲ ಇರಲಿ. ಠಾಣೆಯ ಮುಂದೆ ಗಲಾಟೆ ಬೇಡ. ಇಬ್ಬರು ಹೋಗಿ ಬಂಧನದ ಕಾಗದ ಕೇಳಿ. ಠಾಣೆಗಳಲ್ಲಿ ದನಿಯೂ ದಾಖಲಾಗುವ ಸಿಸಿಟಿವಿ ಇರಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಮಾಡಿದೆ. ಹೊಡೆದ ಅನುಮಾನವಿದ್ದರೆ ಆ ದಿನದ ದೃಶ್ಯ ಅಳಿಸಬಾರದು ಎಂದು ಎಸ್‌ಪಿಯವರಿಗೆ ಅವತ್ತೇ ಅರ್ಜಿ ಬರೆದು ಸ್ವೀಕೃತಿ ಪಡೆಯಿರಿ.

ವಕೀಲರಿಗೆ ಕೊಡಲು ರೊಕ್ಕ ಇಲ್ಲ ಎಂದು ಕೈಕಟ್ಟಿ ಕೂರಬೇಡಿ. ಮೂರೂ ಜಿಲ್ಲೆಗಳಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಸ್ಟಡಿಯಲ್ಲಿರುವವರು ಆದಾಯ ಎಷ್ಟೇ ಇರಲಿ, ಪುಕ್ಕಟೆ ವಕೀಲರನ್ನು ಪಡೆಯಬಹುದು. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ.

ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಭಾನುವಾರ, ಹಬ್ಬ ಅನ್ನುವ ನೆಪ ನಡೆಯುವುದಿಲ್ಲ. ಗಡುವು ದಾಟಿತು, ಠಾಣೆಯವರು "ನಮ್ಮ ಹತ್ರ ಇಲ್ಲ" ಅನ್ನುತ್ತಿದ್ದಾರೆ ಅಂದರೆ ಊರಿನ ಮುಖಂಡರ ಹಿಂದೆ ಓಡಾಡಿ ಹೊತ್ತು ಕಳೆಯಬೇಡಿ. ಬರೆದಿಟ್ಟ ಆ ಹೊತ್ತಿನ ಚೀಟಿ ಹಿಡಿದು ವಕೀಲರ ಮೂಲಕ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ (ಹಿಡಿದಿಟ್ಟವರನ್ನು ಕೋರ್ಟಿನ ಮುಂದೆ ತರಿಸಿ ಎಂದು ಕೇಳುವ ಅರ್ಜಿ) ಹಾಕಿಸಿ. ರಾಯಚೂರಿನವರಿಗೆ ಕಲಬುರಗಿ ಪೀಠ, ಕೊಪ್ಪಳ ಮತ್ತು ಬಳ್ಳಾರಿಯವರಿಗೆ ಧಾರವಾಡ ಪೀಠ.